ಮೆಲ್ಲಗೆ ಹಾಕಿದ ಬಾಗಿಲು

ನಮ್ಮ ಹವಾನಾದಲ್ಲಿ ಹಳೇ ಕಾರಿನ ಬಾಗಿಲನ್ನು ಯಾರಾದರೂ ದಢಾರನೆ ಹಾಕಿದರೆ ಡ್ರೈವರು ಅವರ ವಂಶವನ್ನೇ ಜಾಲಾಡುತ್ತಾನೆ. ಅದರಲ್ಲಿ ನಮ್ಮಪ್ಪ ಎವೆಲಿಯೊ ಎತ್ತಿದ ಕೈ. "ಏನ್ರೀ, ಅದೇನು ನಿಮ್ಮನೆ ಫ್ರಿಜ್ಜಾ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ.

ಅಪ್ಪ ಓಡಿಸುತ್ತಿದ್ದ ಐವತ್ಮೂರನೇ ಇಸವಿಯ ಷೆವರ್ಲೆ ಕಾರು ನಮ್ಮ ತಾತ ಕೊಂಡದ್ದು. ದಿನಾ ಬಾಡಿಗೆಗೆ ಓಡಿಸಬೇಕಾದರೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಲೇಬೇಕು ಎಂದು ನಾನು ಹಟ ಹಿಡಿದೆ.

"ನಾನ್ ಸತ್ಮೇಲೆ ಮಾಡ್ಕೋ, ಒಡಾಲಿಸ್," ಎಂದ ಅಪ್ಪ.

ಸಿಟ್ಟಿನಲ್ಲಿ ಕಾರಿನ ಹಿಂದಿನ ಬಾಗಿಲನ್ನು ದಢಾರನೆ ಹಾಕಿ ಹೊರಟುಹೋದೆ. ಅಂದು ಅಪ್ಪ ಬೈಯಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ತೀರಿಕೊಂಡಿದ್ದ.

ಆಮೇಲೆ ಡೀಸೆಲ್ ಎಂಜಿನ್ ಕೂರಿಸಿ ಕಾರನ್ನು ನಾನೇ ಬಾಡಿಗೆಗೆ ಓಡಿಸತೊಡಗಿದೆ. ಆದರೂ ಹಿಂದಿನ ಸೀಟಿನಿಂದ ಪೆಟ್ರೋಲ್ ವಾಸನೆ ಹೋಗಲಿಲ್ಲ. ಸುಡುವ ಮಧ್ಯಾಹ್ನದಲ್ಲೂ ಅಲ್ಲಿ ರೆಕ್ಸಿನ್ ತಣ್ಣಗಿರುತ್ತಿತ್ತು. ನಾನು ಬಾಯಿ ಬಿಡದಿದ್ದರೂ ಇಳಿದವರೆಲ್ಲ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಮಲಗಿಸಿದಂತೆ ಮೆಲ್ಲಗೆ ಹಾಕುತ್ತಿದ್ದರು. ಒಂದು ದಿನ, ಹಿಂದೆ ಒಬ್ಬಳೇ ಕೂತು ಬಂದ ನರ್ಸಮ್ಮನನ್ನು ಯಾಕೆಂದು ಕೇಳಿಯೇಬಿಟ್ಟೆ.

"ಅಯ್ಯೋ, ಪಕ್ಕದಲ್ಲಿ ಕೂತಿದ್ದ ಮುದುಕಪ್ಪ ಹತ್ತುವಾಗ್ಲೇ ಬೈದ್ರಲ್ಲಮ್ಮ! ನಿಮ್ಮನೆ ಫ್ರಿಜ್ಜಾ ಅಂತ. ಏನ್ ಬಾಯಿ ಅವರ್ದು!" ಎಂದು ನಕ್ಕಳು.

ನನಗೆ ಏನೂ ಕೇಳಿಸಿರಲಿಲ್ಲ.

ಅಂದಿನಿಂದ ದಿನಾ ಕಾರು ನಿಲ್ಲಿಸಿ, ಎಲ್ಲರೂ ಇಳಿದ ಮೇಲೆ, ಆ ಬಾಗಿಲನ್ನು ಬೇಕೆಂದೇ ದಢಾರನೆ ಹಾಕಿ ಕಾಯುತ್ತೇನೆ. ಊರಿಗೆಲ್ಲ ಬೈಯುವ ಅಪ್ಪ ನನಗೆ ಮಾತ್ರ ಇನ್ನೂ ಬೈದಿಲ್ಲ.