ಕಿತ್ತುಹೋದ ಇಪ್ಪತ್ತೊಂಬತ್ತು ಕಲ್ಲು

1976ರ ಮಾರ್ಚ್ 9, ಮಂಗಳವಾರ, ಬೆಳಿಗ್ಗೆ 7 ಗಂಟೆ 15 ನಿಮಿಷಕ್ಕೆ ಸರ್ವೆಯರ್ ವೆಂಕಟರಾಮಯ್ಯ ಹಲಗೂರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮನೆಯಿಲ್ಲದವರಿಗೆ ಹಂಚಲೆಂದು ಊರಾಚೆಯ ಹಳೇ ಕಂಬದ ಡಿಪೋ ಜಾಗದಲ್ಲಿ ಜನವರಿಯಲ್ಲಿ ಸೈಟಿಗೊಂದರಂತೆ ಎಪ್ಪತ್ತೆರಡು ನಂಬರು ಕಲ್ಲು ನೆಡಿಸಿದ್ದರು. ಅವುಗಳಲ್ಲಿ ಇಪ್ಪತ್ತೊಂಬತ್ತನ್ನು ಯಾರೋ ಕಿತ್ತೊಯ್ದಿದ್ದರು. ಬರುವ ಸೋಮವಾರವೇ ಹಕ್ಕುಪತ್ರ ಹಂಚಿಕೆ.

ಸಬ್ ಇನ್ಸ್‌ಪೆಕ್ಟರ್ ತಿರುನಾರಾಯಣ ದಂಡ ಸಂಹಿತೆಯ 379 ಮತ್ತು 434ನೇ ಕಲಂಗಳಡಿ ಎಫ್.ಐ.ಆರ್. ದಾಖಲಿಸಿ, ಒಂಬತ್ತು ಗಂಟೆಗೆ ಕಾನ್ಸ್‌ಟೇಬಲ್ ನಿಂಗಯ್ಯನೊಂದಿಗೆ ಸ್ಥಳ ಮಹಜರಿಗೆ ಹೋದರು. ಕರೆಂಟಿನ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ತೊಟ್ಟಿಯಲ್ಲಿ ಔಷಧಿ ಕುಡಿಸುತ್ತಿದ್ದ ಖಾಸಗಿ ಡಿಪೋ ಅದು. ಮುಚ್ಚಿ ಆರು ವರ್ಷವಾಗಿತ್ತು.

"ಎಷ್ಟು ಚೊಕ್ಕ ಜಾಗ ನೋಡಿ ಸಾರ್. ಒಂದು ಹುತ್ತ ಇಲ್ಲ, ಕಳೆ ಇಲ್ಲ. ಅದಕ್ಕೇ ಆರಿಸಿದ್ದು," ಎಂದರು ವೆಂಕಟರಾಮಯ್ಯ.

ಹದಿನಾಲ್ಕನೇ ಸೈಟಿನ ಬೆಳ್ಳಮ್ಮ ಆಗಲೇ ಬಂದು ನಿಂತಿದ್ದಳು. ಅವಳ ಕಲ್ಲೂ ಹೋಗಿತ್ತು.

"ಏನ್ ನಿಂಗಯ್ಯ, ಕೋಳಿ ಕಳ್ಳನ್ನೇ ಇಡೀನಿಲ್ಲ ನೀನು, ಕಲ್ ಕಳ್ಳನ್ನ ಇಡ್ದೀಯಾ?"

"ಸುಮ್ಕಿರಮ್ಮ, ಸಾಹೇಬ್ರವ್ರೆ."

"ಇರ್ಲಿ ಬುಡು. ನಾನೂ ನನ್ನೆಲ್ಡು ಹೆಣ್ಮಕ್ಳೂ ಇನ್ನೊಬ್ರ ಕೊಟ್ಟಿಗೇಲಿ ಮಲ್ಗಿ ಏಳ್ ವರ್ಸ ಆಯ್ತು ಬುದ್ಧಿ. ಕಲ್ ಇದ್ರೂ ಸರಿ, ಇಲ್ದಿದ್ರೂ ಸರಿ, ಸ್ವಾಮಾರ ಪಾಯ ತೆಗಿಯೋಳೆ. ಅಲ್ಲೇ ಬಾವೀನೂ ತೋಡೋಳೆ."

ತಿರುನಾರಾಯಣ ನಕ್ಷೆಯ ಮೇಲೆ ಕಿತ್ತ ಕಲ್ಲುಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟರು. ಕಳ್ಳ ಸಾಲು ಹಿಡಿದು ಕಿತ್ತಿರಲಿಲ್ಲ. ಹಳೇ ತೊಟ್ಟಿಯ ಬಳಿ ಕಿರಿದಾಗಿ ಶುರುವಾದ ಚುಕ್ಕೆಗಳು ಇಳಿಜಾರಿನಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು.

ನಿಂತಿದ್ದ ಪ್ರತಿ ಕಲ್ಲಿನ ಪಕ್ಕದಲ್ಲೂ ಒಂದು ಕಡ್ಡಿಯ ತುದಿ ಕಾಣುತ್ತಿತ್ತು. ಒಂದನ್ನು ಎಳೆದರು. ಅದು ಹಗುರವಾಗಿ ಬಂತು; ಒಳಗೆ ತಿರುಳಿಲ್ಲ, ಬರೀ ಮಣ್ಣು, ಹರಿದಾಡುವ ಗೆದ್ದಲು. ತುದಿಯಲ್ಲಿ ಚಾಕುವಿನಿಂದ ಕೊರೆದ ಮೂರು ಕಚ್ಚು. ಕಿತ್ತ ಕಲ್ಲಿನ ಗುಂಡಿಗಳ ಪಕ್ಕದಲ್ಲಿ ಬೆರಳಗಲದ ತೂತು ಮಾತ್ರ ಇತ್ತು, ಕಡ್ಡಿ ಇರಲಿಲ್ಲ.

"ಇದು ಡಿಪೋ ಗುರುತು ಸಾರ್," ಎಂದ ನಿಂಗಯ್ಯ. "ಔಸ್ದಿ ಇಡ್ದದೋ ಇಲ್ವೋ ಅಂತ ಇಂಗೇ ತುಂಡು ಊತು ನೋಡೋರು. ಆ ಕೆಲ್ಸ ಮಾಡ್ತಿದ್ದೋನು ಚಿಕ್ಕಬೋರಯ್ಯ ಒಬ್ನೇ."

11 ಗಂಟೆ 40 ನಿಮಿಷ. ಚಿಕ್ಕಬೋರಯ್ಯನ ಹಿತ್ತಿಲಲ್ಲಿ ಇಪ್ಪತ್ತೊಂಬತ್ತು ಕಲ್ಲುಗಳೂ ಇದ್ದವು, ನಂಬರು ಹೊರಗೆ ಕಾಣುವಂತೆ ಜೋಡಿಸಿಟ್ಟಿದ್ದ. ಮೇಲೊಂದು ಕಡ್ಡಿಯ ಕಟ್ಟು.

"ಯಾಕೆ ಕಿತ್ತೆ?"

"ಕಡ್ಡಿ ನೋಡ್ಬುಟ್ಟು ಕಿತ್ತೆ ಬುದ್ಧಿ. ಒಣ ತೊಗ್ರಿ ಕಡ್ಡಿ. ಎಲ್ಡ್ ತಿಂಗ್ಳು ಮಣ್ಣಲ್ಲಿದ್ರೆ ಗೆದ್ಲು ಬುಡಾಕಿಲ್ಲ. ಈ ಕಟ್ನಲ್ಲಿರೋ ಕಡ್ಡಿಗಳ್ನ ಮುಟ್ಟೇ ಇಲ್ಲ. ಗೆದ್ಲೇ ಬದುಕ್ದಿರೋ ಮಣ್ಣಲ್ಲಿ ಆ ಬೆಳ್ಳಮ್ಮ ಬಾವಿ ತೋಡ್ತಾಳಂತೆ."

"ಸರ್ವೆಯರಿಗೆ ಹೇಳಲಿಲ್ಲವೇ?"

"ಮೂರ್ ಸಲ ಅವ್ರ್ ತಾವ್ಕೆ ಓಗಿ ಯೋಳ್ದೆ. ನಿಂಗೆ ಸೈಟ್ ಬರ್ನಿಲ್ಲ ಅಂತ ಒಟ್ಟೆಕಿಚ್ಚು ಅಂದ್ರು."

"ಮಣ್ಣಿಗೆ ವಿಷ ಹೇಗೆ ಬಂತು?"

ಅವನು ಕಟ್ಟಿನಿಂದ ಒಂದು ಕಡ್ಡಿ ತೆಗೆದು ಅವರ ಕೈಗಿಟ್ಟ.

"ಡಿಪೋ ಮುಚ್ಚಿದ್ ದಿನ ತೊಟ್ಟಿ ತುಂಬ ಔಸ್ದಿ ಇತ್ತು. ಅರಿಸ್ಬುಡು ಅಂದ್ರು ಧಣಿ. ತೊಟ್ಟಿ ಬಿರಡೆ ಕಿತ್ತೋನು ನಾನೇ ಬುದ್ಧಿ."

ತಿರುನಾರಾಯಣ ಒಂದು ಅಂಗೈಯಲ್ಲಿ ಟೊಳ್ಳು ಕಡ್ಡಿಯನ್ನೂ ಇನ್ನೊಂದರಲ್ಲಿ ಕಟ್ಟಿನಿಂದ ತೆಗೆದ ಕಡ್ಡಿಯನ್ನೂ ಹಿಡಿದು ನಿಂತರು. ಎರಡೂ ಒಂದೇ ಹೊಲದವು, ಒಂದೇ ದಿನ ಹೂತವು. ಒಂದು ಕಾಗದದಷ್ಟು ಹಗುರ. ಇನ್ನೊಂದರ ಸಿಪ್ಪೆ ಕೂಡ ಸುಲಿದಿರಲಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದ್ದ ಅವರು ಎರಡನ್ನೂ ಮತ್ತೊಮ್ಮೆ ತಿರುಗಿಸಿ ನೋಡಿದರು. ಹೆಬ್ಬೆಟ್ಟು ಒತ್ತುವ ಈ ಮನುಷ್ಯ ನೆಲಕ್ಕೆ ಎಪ್ಪತ್ತೆರಡು ಪ್ರಶ್ನೆ ಹಾಕಿ, ಎರಡು ತಿಂಗಳು ಕಾದು, ಉತ್ತರ ಬಂದ ಮೇಲಷ್ಟೇ ಕಲ್ಲಿಗೆ ಕೈ ಹಾಕಿದ್ದ.

12 ಗಂಟೆ 30 ನಿಮಿಷಕ್ಕೆ ದಸ್ತಗಿರಿ. ಠಾಣೆಯ ಬಾಗಿಲಲ್ಲಿ ಬೆಳ್ಳಮ್ಮ ಅಡ್ಡ ಬಂದಳು. "ನನ್ ಮನೆ ತಿಂದ್ಬುಟ್ಟೆ ಕಣ್ಲಾ!" ಅವನು ತಲೆ ತಗ್ಗಿಸಿ ಒಳಗೆ ಹೋದ.

ಅದೇ ಸಂಜೆ ಎಪ್ಪತ್ತೆರಡು ಜಾಗದ ಮಣ್ಣನ್ನೂ ಚೀಲ ಕಟ್ಟಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಹಂಚಿಕೆ ನಿಲ್ಲಿಸಲು ತಹಸೀಲ್ದಾರರಿಗೆ ಪತ್ರ ಬರೆದರು.

ಏಪ್ರಿಲ್ 2ರಂದು ವರದಿ ಬಂತು. ಕಲ್ಲು ಕಿತ್ತ ಇಪ್ಪತ್ತೊಂಬತ್ತು ಜಾಗಗಳಲ್ಲೂ ಕಂಬದ ಔಷಧಿಯ ಪಾಷಾಣ. ಕಲ್ಲು ನಿಂತಿದ್ದ ನಲವತ್ತಮೂರರಲ್ಲಿ ಒಂದನ್ನು ಬಿಟ್ಟರೆ ಯಾವುದರಲ್ಲೂ ಇಲ್ಲ. ಇಪ್ಪತ್ತೊಂಬತ್ತರ ಜೊತೆಗೆ ಆ ಒಂದು ಸೈಟನ್ನೂ ದಿಬ್ಬದ ಮೇಲಿನ ಗೋಮಾಳಕ್ಕೆ ಬದಲಾಯಿಸಿ, ಬೀಸಣಿಗೆಯಾಕಾರದ ಆ ನೆಲಕ್ಕೆಲ್ಲ ಜೇಡಿಮಣ್ಣು ಹೊದಿಸಿ ಬೇಲಿ ಹಾಕಲು, ಅಲ್ಲಿ ಬಾವಿ ತೋಡದಂತೆ ತಡೆಯಲು ಆದೇಶವಾಯಿತು. ಕೇಸ್ ಡೈರಿಯಲ್ಲಿ ತಿರುನಾರಾಯಣ ಬರೆದರು: "ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ. ತಾನೇ ಹರಿಯಬಿಟ್ಟ ವಿಷದ ದಾರಿಯಲ್ಲಿ ಯಾರೂ ಮನೆ ಕಟ್ಟಬಾರದೆಂದು ಈ ಕೃತ್ಯ ಎಸಗಿರುತ್ತಾನೆ."

ಆದೇಶವಾದ ದಿನ ಮಧ್ಯಾಹ್ನ ಬೆಳ್ಳಮ್ಮ ಠಾಣೆಗೆ ಬಂದಳು. "ನನ್ ಸೈಟಿಂದು ಏನ್ ಬರ್ದವ್ರೆ ಬುದ್ಧಿ?"

ಒಳ್ಳೆಯ ಮಣ್ಣಿನಲ್ಲಿ ಕಿಲೋಗೆ ಹತ್ತು ಮಿಲಿಗ್ರಾಂ ಪಾಷಾಣ ಕೂಡ ಇರುವುದಿಲ್ಲ ಎಂದು ಮೊದಲು ತಿಳಿಸಿ, ಅವರು ಹಾಳೆ ನೋಡಿ ಓದಿದರು. ಹದಿನಾಲ್ಕನೇ ಕಲ್ಲು, ಒಂದಡಿ ಆಳ: ಕಿಲೋ ಮಣ್ಣಿಗೆ 912 ಮಿಲಿಗ್ರಾಂ.