ನಖ್ಲಾ ಸ್ಟೋರಿನ ಕತ್ತರಿಸಿದ ಫೋಟೋ

ಫೋಟೋದಲ್ಲಿ ಇಪ್ಪತ್ತೆರಡು ಮಂದಿ ಇದ್ದರು. ಬೆಳಿಗ್ಗೆ ಏಳೂವರೆಗೆ ಅಪ್ಪಿ ನೆಲ ಒರೆಸಲು ಬಂದಾಗ ಇಪ್ಪತ್ತೊಂದೇ ಮಂದಿ ಉಳಿದಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದ ಮ್ಯಾನೇಜರ್ ಬಸವಕುಮಾರನ ಜಾಗದಲ್ಲಿ ತೂತು ಬಿದ್ದಿತ್ತು.

ಆಳೆತ್ತರದ ಫೋಟೋ ಅದು. ಅರಬ್ಬರ ನಾಡಿನ ಸೊಹಾರ್ ಹೆದ್ದಾರಿ ಬದಿಯ ಹೊಸ ಮಾಲ್ ಮರುದಿನ ತೆರೆಯುವುದಿತ್ತು. ಅದರ ನಡು ಅಂಗಳದಲ್ಲಿ ನಖ್ಲಾ ಸ್ಟೋರಿನ ಚರಿತ್ರೆಯನ್ನು ಫಲಕಗಳಲ್ಲಿ ಸಾಲಾಗಿ ನಿಲ್ಲಿಸಿದ್ದರು. 1986ರಲ್ಲಿ ಹಳೆ ಪೇಟೆಯಲ್ಲಿ ಶುರುವಾದ ಮೂರು ಮಾಳಿಗೆಯ ಅಂಗಡಿ. ಸೂಜಿಯಿಂದ ಸೂಟ್‌ಕೇಸಿನವರೆಗೆ ಒಂದೇ ಸೂರಿನಡಿ. ಆ ಬೀದಿಗೆ ಎಸ್ಕಲೇಟರ್ ತಂದ ಮೊದಲ ಅಂಗಡಿಯೂ ಅದೇ. ಆಮೇಲೆ ಹೈಪರ್‌ಮಾರ್ಕೆಟುಗಳು ಬಂದವು, ಮಾಲ್‌ಗಳು ಬಂದವು. ಈಗ ನಖ್ಲಾ ಎಂದರೆ ಈ ಮಾಲ್‌ನ ಒಂದು ಮೂಲೆ, ಮತ್ತೆ ಈ ಫಲಕಗಳು.

ಫಲಕಗಳಿಗೆ ಫೋಟೋ ಹುಡುಕಿಕೊಟ್ಟವರು ವಿನೋದಾ. ಉಡುಪಿ ಕಡೆಯವರು. ಇಪ್ಪತ್ತಾರು ವರ್ಷ ನಖ್ಲಾದ ಬಟ್ಟೆ ವಿಭಾಗ ನೋಡಿಕೊಂಡವರು. ಈಗ ಅರುವತ್ತಮೂರು. ನಿವೃತ್ತರಾಗಿ ಮಗನ ಮನೆಯಲ್ಲಿದ್ದವರನ್ನು ಕಂಪನಿಯೇ ಕರೆಸಿಕೊಂಡಿತ್ತು.

ಅವರು ಎಂಟಕ್ಕೆ ಬಂದರು. ಅಷ್ಟರಲ್ಲಿ ಪೊಲೀಸ್ ಗಾಡಿ ಬಾಗಿಲಲ್ಲಿತ್ತು. ಶಾಫಿ ಅದರ ಪಕ್ಕ ನಿಂತಿದ್ದ. ಬಂಟ್ವಾಳದ ಶಾಫಿ, ಇಪ್ಪತ್ತೊಂಬತ್ತು ವರ್ಷದಿಂದ ನಖ್ಲಾದಲ್ಲಿರುವ ಹಳೆ ಕೆಲಸಗಾರ. ಫಲಕದ ಕೆಳಗಿನ ಕಸದ ಬುಟ್ಟಿಯಲ್ಲಿ ಅವನ ಕಟರ್ ಸಿಕ್ಕಿತ್ತು. ಪೆಟ್ಟಿಗೆ ಬಿಚ್ಚುವ ಕಟರ್, ಹಿಡಿಗೆ ನೀಲಿ ಟೇಪು ಸುತ್ತಿದ್ದು.

"ನಾನು ಮುಟ್ಟಲಿಲ್ಲ ವಿನೋದಕ್ಕ," ಎಂದ. ಗಾಡಿ ಹೊರಟಿತು.

* * *

ಬಸವಕುಮಾರ ದೊಡ್ಡ ದನಿಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದ. ಮುಖ ಕತ್ತರಿಸುವುದೆಂದರೆ ತಮಾಷೆಯಲ್ಲ, ಅದು ಜೀವ ಬೆದರಿಕೆ. ಮಧ್ಯಾಹ್ನ ಮೂರೂವರೆಯ ಅಸರ್ ನಮಾಜು ಮುಗಿಸಿ ಅಂಗಡಿಯ ಮಾಲೀಕರು, ಅರ್ಬಾಬ್, ಬರುತ್ತಾರೆ. ಕಂಪನಿಯ ದೂರಿಗೆ ಅವರ ಸಹಿ ಬಿದ್ದರೆ ಖಲಾಸ್. ಶಾಫಿಯ ವೀಸಾ ರದ್ದು, ವಿಮಾನ ಹತ್ತಿಸುವುದು, ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ.

ಕಳ್ಳ ಪೋಲಿ ಅನ್ನಿಸಿಕೊಂಡು ಬಂಟ್ವಾಳದಲ್ಲಿ ಇಳಿಯಬೇಕು, ಮೂರು ಹೆಣ್ಣುಮಕ್ಕಳ ತಂದೆ.

ವಿನೋದಾರಿಗೆ ಹಳೆಯ ಅಂಗಡಿ ಕಣ್ಣಿಗೆ ಕಟ್ಟಿತು. ಎಸ್ಕಲೇಟರ್ ನೋಡಲೆಂದೇ ದೂರದ ಸುವೈಕ್ ಊರಿನಿಂದ ಪಿಕಪ್‌ನಲ್ಲಿ ಹೆಂಗಸರು ಬರುತ್ತಿದ್ದ ಕಾಲ. ಮನೆಯೊಳಗೆ ಹೋಗುವ ಹಾಗೆ ಚಪ್ಪಲಿಯನ್ನು ಕೆಳಗೆ ಬಿಟ್ಟು ಮೇಲೇರಿಬಿಡುತ್ತಿದ್ದರು. ಮೇಲೆ ಹೋಗಿ ಬರಿಗಾಲಲ್ಲಿ ಪೇಚಾಡುತ್ತಿದ್ದರು. ಆಗ ಯಾರೂ ಹೇಳದೆ ಚಪ್ಪಲಿಗಳನ್ನು ಆರಿಸಿ ಬುಟ್ಟಿಯಲ್ಲಿ ತುಂಬಿ, ಮೆಟ್ಟಿಲೇರಿ ತಂದು ಅವರ ಕಾಲ ಬುಡದಲ್ಲಿ ಇಡುತ್ತಿದ್ದವನು ಇದೇ ಶಾಫಿ. ಅಂಥವನು ಬ್ಲೇಡು ಹಿಡಿದು ಮುಖ ಸೀಳಿದನಂತೆ.

ಆದರೆ ಅವನಿಗೆ ಕಾರಣ ಇರಲಿಲ್ಲವೆಂದು ಹೇಳುವ ಹಾಗೂ ಇರಲಿಲ್ಲ. ಏಳು ತಿಂಗಳ ಹಿಂದೆ ಹಳೆ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಮೂರನೇ ಮಾಳಿಗೆಯ ದಾಸ್ತಾನು ಕೋಣೆಯಲ್ಲಿ ಕೆಲಸಕ್ಕಿದ್ದ ಈರಣ್ಣ ಹೊಗೆಯಲ್ಲಿ ಉಸಿರುಗಟ್ಟಿ ಸತ್ತ. ಶ್ರದ್ಧಾಂಜಲಿ ಸಭೆಯಲ್ಲಿ ಶಾಫಿ ಎದ್ದು ನಿಂತು, ಅಲ್ಲೊಂದು ಬಾಗಿಲಿತ್ತು, ನೀವು ಗೋಡೆ ಕಟ್ಟಿಸಿದಿರಿ, ಎಂದು ಮ್ಯಾನೇಜರಿಗೆ ಎಲ್ಲರೆದುರು ಹೇಳಿದ್ದ. ತಾನು 2005ರಲ್ಲಿ ಬಂದಾಗಲೇ ಅಲ್ಲಿ ಗೋಡೆಯಿತ್ತು, ಹಿಂದಿನ ಮ್ಯಾನೇಜರ್ ಕಟ್ಟಿಸಿದ್ದು, ಎಂದ ಬಸವಕುಮಾರ, ತನಿಖೆಗೂ ಹಾಗೇ ಬರೆದುಕೊಟ್ಟ. ಹಿಂದಿನ ಮ್ಯಾನೇಜರ್ ತೀರಿಕೊಂಡು ಹತ್ತು ವರ್ಷ. ಯಾವ ಇಸವಿಯಲ್ಲಿ ಗೋಡೆ ಎದ್ದಿತೆಂದು ಶಾಫಿಗೆ ನೆನಪಿರಲಿಲ್ಲ, ವಿನೋದಾರಿಗೂ ಇರಲಿಲ್ಲ. ಯಾರ ತಪ್ಪೂ ಇಲ್ಲವೆಂದು ವರದಿ ಬರೆದು ಮುಗಿಸಿದ್ದರು.

ಅಪ್ಪಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಂಬದ ಮರೆಯಲ್ಲಿ ಕೂತಿದ್ದಳು. ಕುಂದಾಪುರದವಳು, ಹಳೆ ಅಂಗಡಿಯಿಂದಲೇ ಬಂದವಳು. ಕಸದ ಬುಟ್ಟಿಗೆ ಕೈ ಹಾಕಿದಾಗ ಮುರಿದ ಬ್ಲೇಡಿನ ಚೂರು ತಾಗಿತಂತೆ.

ವಿನೋದಾ ಅಲ್ಲೇ ನಿಂತರು.

"ಬ್ಲೇಡು ಹಾಗೇ ಬಿದ್ದಿತ್ತಾ? ರಟ್ಟಿನಲ್ಲಿ ಸುತ್ತಿರಲಿಲ್ಲವಾ?"

"ಇಲ್ಲ ಅಕ್ಕ. ಹಾಗೇ ಇತ್ತು."

"ಶಾಫಿ ಹಾಗೆ ಬಿಸಾಡ್ತಾನಾ?"

ಅಪ್ಪಿ ಸುತ್ತಿದ ಬಟ್ಟೆ ಬಿಚ್ಚಿ ಬೆರಳು ನೋಡಿಕೊಂಡಳು. ನಾಲ್ಕು ವರ್ಷದ ಹಿಂದೆಯೂ ಅವಳ ಕೈ ಹೀಗೇ ಕುಯ್ದಿತ್ತು. ಅಂದಿನಿಂದ ಶಾಫಿ ಬ್ಲೇಡಿನ ಚೂರುಗಳನ್ನು ರಟ್ಟಿನ ಮಧ್ಯೆ ಇಟ್ಟು, ಟೇಪು ಸುತ್ತಿ, ಮೇಲೆ ಕೆಂಪು ಗೀಟು ಎಳೆದೇ ಎಸೆಯುತ್ತಿದ್ದ. ಒಂದು ದಿನವೂ ತಪ್ಪಿಸಿದ್ದಿಲ್ಲ.

ಕಟರ್ ಶಾಫಿಯದ್ದು. ಕೈ ಬೇರೆಯವರದ್ದು.

* * *

ಇದನ್ನು ಹೇಳಲು ಹೋದರೆ ಬಸವಕುಮಾರ ನಕ್ಕ.

"ಏನ್ ಮೇಡಂ, ನಿಮ್ಮ ಕಡೆಯವ ಅಂತ ಉಳಸಾಕ ಹೊಂಟೀರೇನು? ರಟ್ಟು ಸುತ್ತಲಿಲ್ಲ ಅಂತ ಪೊಲೀಸರು ಬಿಡತಾರ?"

ವಿನೋದಾ ನೇರ ಫಲಕದ ಮುಂದೆ ಹೋಗಿ ಕನ್ನಡಕ ಏರಿಸಿಕೊಂಡರು.

ಇಷ್ಟು ಹೊತ್ತು ಎಲ್ಲರೂ ಇಲ್ಲದ ಮುಖವನ್ನೇ ನೋಡಿದ್ದರು. ವಿನೋದಾ ತೂತನ್ನು ನೋಡಿದರು. ತೂತು ಮುಖದಷ್ಟಿರಲಿಲ್ಲ, ಬಲಕ್ಕೆ ಇನ್ನೂ ಎರಡು ಗೇಣು ಹರಡಿತ್ತು. ನಾಲ್ಕೂ ಅಂಚು ನೆಟ್ಟಗೆ. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವರ ಕಣ್ಣಿಗೆ ಅದು ಗೊತ್ತಾಗದೆ ಇರುತ್ತದೆಯೇ? ಸ್ಕೇಲು ಇಟ್ಟು ಕತ್ತರಿಸಿದ ಅಂಚು ಅದು. ಹೊಟ್ಟೆಯುರಿಯಿಂದ ಮುಖ ಸೀಳುವವನು ಸ್ಕೇಲು ಇಡುತ್ತಾನೆಯೇ? ಸೀಳಿದ ಮುಖವನ್ನು ತುಳಿದು ಅಲ್ಲೇ ಬಿಸಾಡದೆ ಕಿಸೆಗೆ ಹಾಕಿಕೊಂಡು ಹೋಗುತ್ತಾನೆಯೇ? ಆ ತುಂಡು ಎಲ್ಲೂ ಸಿಕ್ಕಿರಲಿಲ್ಲ.

ಮುಖದ ಬಲಕ್ಕೆ ಏನಿತ್ತು? ವಿನೋದಾ ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗಲಿಲ್ಲ. ಗುಂಪು ಫೋಟೋ ಸಿಕ್ಕರೆ ಯಾರಾದರೂ ಮೊದಲು ತಮ್ಮ ಮುಖ ಹುಡುಕುತ್ತಾರೆ, ಆಮೇಲೆ ಬೇಕಾದವರದ್ದು. ಗೋಡೆ ನೋಡುವವರು ಯಾರು?

ಮೂಲ ಪ್ರತಿ ಅವರದ್ದೇ. ಫಲಕಗಳನ್ನು ಮಾಡಿದ ಹೇಝಲ್ ಬಳಿ ಕೊಟ್ಟಿದ್ದರು. ಮಂಗಳೂರಿನ ಹುಡುಗಿ, ಮಾಲ್ ಆಫೀಸಿನಲ್ಲಿ ಡಿಸೈನ್ ಕೆಲಸ. ಅವಳು ಡ್ರಾಯರ್ ತೆರೆದಳು. ಕವರ್ ಇತ್ತು, ಒಳಗೆ ಫೋಟೋ ಇರಲಿಲ್ಲ. ಕಂಪ್ಯೂಟರ್ ತೆರೆದಳು. ಉಳಿದ ಮೂವತ್ತು ಫೋಟೋಗಳಿದ್ದವು, ಅದೊಂದು ಇರಲಿಲ್ಲ.

"ಡ್ರಾಯರಿನ ಕೀ ನಿನ್ನ ಹತ್ತಿರ ಅಲ್ಲವಾ?" ವಿನೋದಾರ ಮಾತು ಅವರು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

ಹುಡುಗಿಯ ಕಣ್ಣು ತುಂಬಿತು. "ಇನ್ನೊಂದು ಕೀ ಬಸವಕುಮಾರ್ ಸರ್ ಹತ್ತಿರ ಉಂಟು ಆಂಟಿ. ಫೋಲ್ಡರ್ ಕೂಡ ನಾವಿಬ್ಬರೇ ಓಪನ್ ಮಾಡೋದು."

ವಿನೋದಾ ಅವಳ ತಲೆ ನೇವರಿಸಿದರು, ತಪ್ಪಾಯಿತು ಮಗಾ ಎಂದರು. ಶಾಫಿಗೆ ಮೊಬೈಲಿನಲ್ಲಿ ಮೆಸೇಜು ಕಳಿಸುವುದಕ್ಕೇ ಮಗಳು ಬೇಕು. ಅವನು ಕಂಪ್ಯೂಟರಿನಿಂದ ಫೋಟೋ ಅಳಿಸಿದನಂತೆಯೇ?

ಗಂಟೆ ಹನ್ನೊಂದು. ಅಸರ್‌ಗೆ ಇನ್ನು ನಾಲ್ಕೂವರೆ ಗಂಟೆ ಉಳಿದಿತ್ತು.

ಆ ಫೋಟೋ ಇನ್ನೆಲ್ಲಿರಬಹುದು? ವಿನೋದಾ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಆ ವರ್ಷ ಈದ್ ಸೇಲ್ ಮುಗಿದ ಮೇಲೆ ಸ್ಟುಡಿಯೋದವನು ಬಂದು ತೆಗೆದದ್ದು. ಎಲ್ಲರೂ ಒಂದೊಂದು ಪ್ರತಿ ಕೊಂಡಿದ್ದರು. ಯಾರೂ ತಮಗಾಗಿ ಕೊಂಡದ್ದಲ್ಲ. ಯಾರಾದರೂ ರಜೆಯಲ್ಲಿ ಊರಿಗೆ ಹೊರಟರೆ ಅವರ ಕೈಯಲ್ಲಿ ಸೋಪು, ಖರ್ಜೂರದ ಜೊತೆ ಒಂದು ಫೋಟೋ. ನೋಡಿ, ನಾನು ಎಂಥಾ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಎಂದು. ನಖ್ಲಾದ ಚರಿತ್ರೆ ನಿಜವಾಗಿ ಇದ್ದದ್ದು ಈ ಫಲಕಗಳಲ್ಲಿ ಅಲ್ಲ, ಊರೂರ ಶೋಕೇಸುಗಳಲ್ಲಿ.

ಅವರು ಹುನಗುಂದ ತಾಲ್ಲೂಕಿಗೆ ಫೋನು ಮಾಡಿದರು. ಈರಣ್ಣನ ಹೆಂಡತಿ ಹೊನ್ನವ್ವ ಎತ್ತಿದಳು.

"ಐತ್ರೀ ಅಕ್ಕಾರ. ಗ್ವಾಡಿಗೇ ಐತಿ. ನಮ್ಮ ಯಜಮಾನ್ರು ಟೈ ಕಟ್ಟಿದ್ದು ಅದೊಂದರಾಗ ಐತಿ ನೋಡ್ರಿ."

ಮಗಳು ಮಾಧುರಿ ಚೌಕಟ್ಟು ಬಿಚ್ಚಿ, ಮುಂದೂ ಹಿಂದೂ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ವಿನೋದಾ ಬೆರಳಿನಿಂದ ಹಿಗ್ಗಿಸಿ ನೋಡಿದರು. ಆಮೇಲೆ ಫೋಟೋದ ಹಿಂಬದಿಯನ್ನೂ ಹಿಗ್ಗಿಸಿದರು.

* * *

ಅರ್ಬಾಬ್ ಖಮೀಸ್ ಎಪ್ಪತ್ತೆಂಟರ ಮುದುಕರು. ಬಿಳಿ ದಿಶ್‌ದಾಶ ನಿಲುವಂಗಿ, ಕೈಯಲ್ಲಿ ಕೋಲು. ನಖ್ಲಾ ಅವರ ಯೌವನದ ಕನಸು. ಪೊಲೀಸ್ ಅಧಿಕಾರಿಯೊಬ್ಬರು ಶಾಫಿಯನ್ನೂ ಕರೆತಂದಿದ್ದರು. ಮೇಜಿನ ಮೇಲೆ ದೂರಿನ ಕಾಗದ, ಪಕ್ಕದಲ್ಲಿ ಪೆನ್ನು.

ಅರ್ಬಾಬರು ಹಿಂದಿ ಮಾತು ಕಲಿತದ್ದು ಅಂಗಡಿಯಲ್ಲೇ, ವಿನೋದಾರೂ ಅಷ್ಟೇ. ಸಹಿಗೆ ಮುಂಚೆ ಐದು ನಿಮಿಷ ಕೊಡಿ ಎಂದು ವಿನೋದಾ ಕೇಳಿದರು. ಮುದುಕರು ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ತಾವೇ ಎಳೆದುಕೊಟ್ಟರು.

ವಿನೋದಾ ಕೂರಲಿಲ್ಲ. ಬ್ಲೇಡಿನ ಚೂರು, ಅಪ್ಪಿಯ ಬೆರಳು, ಸ್ಕೇಲಿನ ಅಂಚು, ಡ್ರಾಯರಿನ ಎರಡು ಕೀ ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದರು. ಹೇಝಲ್ ಬಾಗಿಲಲ್ಲಿ ನಿಂತು ಹೌದೆಂದಳು. ಆಮೇಲೆ ಮೊಬೈಲನ್ನು ಮೇಜಿನ ಮೇಲಿಟ್ಟರು.

ಫೋಟೋದಲ್ಲಿ ತೆಳ್ಳಗಿನ ಬಸವಕುಮಾರ ನಗುತ್ತಿದ್ದ. ಮುಖದ ಬಲಕ್ಕೆ, ಭುಜದ ಹಿಂದೆ, ಮೂರನೇ ಮಾಳಿಗೆಯ ದಾಸ್ತಾನು ಕೋಣೆಯಲ್ಲಿದ್ದ ಹಸಿರು ಬಾಗಿಲು. ಬಾಗಿಲ ಮೇಲೆ ಉರಿಯುವ ಎಕ್ಸಿಟ್ ದೀಪ. ಫೋಟೋದ ಬೆನ್ನಿನಲ್ಲಿ ಸ್ಟುಡಿಯೋದ ಮುದ್ರೆ, ಅದರಲ್ಲಿ ತಾರೀಕು: 2006, ಅಕ್ಟೋಬರ್.

"ಇವರು ಬಂದದ್ದು 2005ರಲ್ಲಿ. ಬಂದಾಗಲೇ ಗೋಡೆ ಇತ್ತು ಅಂತ ಬರೆದುಕೊಟ್ಟಿದ್ದಾರೆ. ಮರುವರ್ಷ ಬಾಗಿಲಿಗೆ ಒರಗಿ ನಗ್ತಾ ಇದ್ದಾರೆ. ಇವರ ಮುಖವನ್ನು ಯಾರೂ ದ್ವೇಷದಿಂದ ಕತ್ತರಿಸಿಲ್ಲ. ಇವರೇ ಕತ್ತರಿಸಿದ್ದು. ಬೇಕಾಗಿದ್ದದ್ದು ಬಾಗಿಲು. ಮುಖ ಜೊತೆಗೆ ಹೋಯಿತು."

ನಿನ್ನೆ ಸಂಜೆ ಫಲಕ ನಿಲ್ಲಿಸಿದಾಗಲೇ ಬಸವಕುಮಾರ ಫೋಟೋದಲ್ಲಿನ ಬಾಗಿಲನ್ನು ಮೊದಲ ಸಲ ಗಮನಿಸಿದ್ದು. ಅಷ್ಟರಲ್ಲಿ ಅರ್ಬಾಬ್ ಆ ಫೋಟೋ ಮೆಚ್ಚಿ, ಮುಂದಿನ ಸಾಲಿಗೆ ತರಿಸಿದ್ದರು. ಕಾರಣವಿಲ್ಲದೆ ತೆಗೆಸುವ ಹಾಗಿಲ್ಲ. ಉದ್ಘಾಟನೆಗೆ ಅಗ್ನಿಶಾಮಕ ಇಲಾಖೆಯವರೂ ಬರುವವರಿದ್ದರು. ಹಾಳಾದ ಫೋಟೋವನ್ನಾದರೆ ಯಾರೂ ಪ್ರಶ್ನೆ ಕೇಳದೆ ಎತ್ತಿ ಒಳಗಿಡುತ್ತಾರೆ. ಶಾಫಿಯ ಕಟರ್‌ನಿಂದಲೇ ಕತ್ತರಿಸಿದರೆ ಬಾಗಿಲಿನ ಮಾತೆತ್ತಿದ ಅವನೂ ಅದರ ಜೊತೆಗೇ ತೊಲಗುತ್ತಾನೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಅಧಿಕಾರಿ ಬಸವಕುಮಾರನ ಬ್ಯಾಗು ತೆರೆಸಿದರು. ಸುರುಳಿ ಸುತ್ತಿದ ತುಂಡು ಅದರೊಳಗೇ ಇತ್ತು, ವಿನೋದಾರ ಮೂಲ ಪ್ರತಿಯೂ ಇತ್ತು. ಬೆಳಗಿನ ಜಾವ ಕತ್ತರಿಸಿದ ಮೇಲೆ ಮನೆಗೆ ಒಯ್ದು ಸುಡಲು ಅವನಿಗೆ ಬಿಡುವು ಸಿಕ್ಕಿರಲಿಲ್ಲ.

"ಬಾಗಿಲು ಯಾಕೆ ಮುಚ್ಚಿದೆ?" ಅರ್ಬಾಬ್ ಕೇಳಿದರು. ದನಿ ಏರಿರಲಿಲ್ಲ.

ಬಸವಕುಮಾರ ನೆಲ ನೋಡಿದ. ಮಾಲು ಇಡಲು ಜಾಗ ಸಾಲುತ್ತಿರಲಿಲ್ಲ, ಹೈಪರ್‌ಮಾರ್ಕೆಟಿನವರ ಪೈಪೋಟಿ ಇತ್ತು, ಗೋಡೆಗೆ ನಾಲ್ಕು ರ‍್ಯಾಕು ಜಾಸ್ತಿ ಹಿಡಿಯುತ್ತಿತ್ತು, ಎಂದ.

"ಆ ರ‍್ಯಾಕಿನಲ್ಲಿ ಏನಿಟ್ಟಿದ್ದಿರಿ?" ವಿನೋದಾ ಕನ್ನಡದಲ್ಲಿ ಕೇಳಿದರು.

ಅವನು ಯೋಚಿಸಿದ. "ನೆನಪಿಲ್ಲ ಮೇಡಂ."

ವಿನೋದಾ ಜನ್ಮದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆಗ ಎರಡು ಕೈಯನ್ನೂ ಸೆರಗಿನಲ್ಲಿ ಬಿಗಿಯಾಗಿ ಸುತ್ತಿ ಹಿಡಿದುಕೊಂಡರು.

ಅರ್ಬಾಬ್ ದೂರಿನ ಕಾಗದವನ್ನು ಹರಿದರು. ಶಾಫಿಯ ಎರಡೂ ಕೈ ಹಿಡಿದು ಅರಬ್ಬಿಯಲ್ಲಿ ಏನೋ ಹೇಳಿದರು, ಕ್ಷಮೆಯ ಮಾತು. ಅಧಿಕಾರಿಗೆ ಮೊಬೈಲು ತೋರಿಸಿ, ಈರಣ್ಣನ ಕೇಸು ಮತ್ತೆ ತೆರೆಯಬೇಕು, ಅಂಗಡಿ ನನ್ನದು, ನನ್ನನ್ನೂ ವಿಚಾರಿಸಿ, ಎಂದರು. ಪೊಲೀಸರು ಬಸವಕುಮಾರನನ್ನು ಕರೆದೊಯ್ದರು.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು. ಹೊನ್ನವ್ವ. ಫೋಟೋ ಕೆಲಸಕ್ಕೆ ಬಂತೋ ಇಲ್ಲವೋ ಎಂದು ಕೇಳಲು ಮಾಡಿದ್ದಳು. ವಿನೋದಾ ಕಿಟಕಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಮುಚ್ಚಿಡಲು ಅವರಿಗೆ ಮನಸ್ಸಾಗಲಿಲ್ಲ.

"ಆ ಬಾಗಲಾ ತಗದ್ರ ಏನಿತ್ರಿ ಅಕ್ಕಾರ?"

"ಮೆಟ್ಟಿಲು ಇತ್ತು ಹೊನ್ನವ್ವ. ಹಿತ್ತಲ ಬೀದಿಗೆ ಇಳಿಯುವ ಮೆಟ್ಟಿಲು."

"ಎಷ್ಟು ಮೆಟ್ಟಲಾ?"

ಬಟ್ಟೆಯ ಗಂಟು ಹೊತ್ತು ಆ ಮೆಟ್ಟಿಲುಗಳನ್ನು ವಿನೋದಾ ಸಾವಿರ ಸಲ ಹತ್ತಿ ಇಳಿದಿದ್ದರು.

"ಮೂವತ್ತಾರು," ಎಂದರು.

"ಮೂವತ್ತಾರು," ಎಂದಳು ಹೊನ್ನವ್ವ. ಆಮೇಲೆ ಫೋನಿನಲ್ಲೇ, ಮೆಲ್ಲಗೆ, ಒಂದರಿಂದ ಎಣಿಸತೊಡಗಿದಳು. ವಿನೋದಾ ಕೊನೆಯವರೆಗೂ ಫೋನು ಇಡಲಿಲ್ಲ.