ಬಾಜೂ ಮನಿ ನೀರು

"ಈ ಮನಿ ತಗೋಬ್ಯಾಡ್ರಿ."

ಮೇಘಾ ತುಟಿಗೆ ಒಯ್ದಿದ್ದ ಲೋಟ ಅಲ್ಲೇ ನಿಂತಿತು.

ವಿಜಯಪುರದಲ್ಲಿ ಮನೆ ಕೊಳ್ಳುವವರು ಹೊರಬೀಳುವುದು ಹೋಳಿ ಹುಣ್ಣಿಮೆ ಕಳೆದ ಮೇಲೆ. ಬೋರ್‌ವೆಲ್ಲಿನ ನಿಜ ತಿಳಿಯುವುದು ಆಗಲೇ. ಮಾರುವವನು ಎಷ್ಟೇ ಹೊಗಳಲಿ, ಕೊಳ್ಳುವವರು ಬಾಜೂ ಮನೆಗೆ ಹೋಗಿ ಒಂದು ಲೋಟ ನೀರು ಕೇಳುತ್ತಾರೆ. ನೀರು ಸಿಹಿಯೋ ಸವಳೋ, ಕೊಡುವ ಕೈ ಧಾರಾಳವೋ ಬಿಗಿಯೋ, ಒಂದೇ ಲೋಟದಲ್ಲಿ ಗೊತ್ತಾಗಿಬಿಡುತ್ತದೆ.

ಟಿಕೋಟಾ ರಸ್ತೆಯ ಅಂಚಿನಲ್ಲಿದ್ದ ಬಾಬುಸಾಬರ ಮನೆ ಮೇಘಾಳಿಗೆ ನೋಡಿದ ಕೂಡಲೇ ಹಿಡಿಸಿತ್ತು. ಲೋಟ ಕೊಟ್ಟವನು ಪಕ್ಕದ ಮನೆಯ ಧರ್ಮರಾಜ. ಬೋರ್ ಮೋಟಾರು ರಿಪೇರಿ ಮಾಡುವವನು. ಅವನ ಬೆರಳುಗಳಿಗೆ ಗ್ರೀಸು ಮೆತ್ತಿತ್ತು, ಲೋಟ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅವಳ ಮುಖ ನೋಡಿದ್ದ, ಒಂದು ಕ್ಷಣ ಹೆಚ್ಚೇ ನೋಡಿದ್ದ. ಆಮೇಲೆ ಆ ಮಾತು ಹೇಳಿದ್ದ.

"ಯಾಕ್ರಿ? ನೀರ ಬತ್ತತೈತೇನ್ರಿ?"

"ಇಲ್ರಿ. ನೀರ ಸಿಹಿ ಐತಿ."

"ಮತ್ತ?"

ಅವನು ಉತ್ತರಿಸುವ ಮೊದಲೇ ಅವನ ತಾಯಿ ಸೀತವ್ವ ಹೊರಗೆ ಬಂದಳು. "ಮನಿ ನೋಡಾಕ ಬಂದೀಯೇನವ್ವ? ಒಳಗ ಬಾ. ಇವನ ಕೂಡ ಏನ್ ಮಾತಾಡ್ತಿ, ಮೋಟಾರ ಬಿಟ್ರ ಇವಗ ಮಾತ ಬರೂದಿಲ್ಲ."

ಒಳಗೆ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಮೇಘಾಳ ಮನೆಯಲ್ಲಿರುವಂಥದ್ದೇ. ಚಹಾ ಕುಡಿಯುತ್ತ ಮೇಘಾ ತನ್ನ ಕಥೆ ಹೇಳಿದಳು. ಹೊನವಾಡದ ದವಾಖಾನೆಯಲ್ಲಿ ನರ್ಸ್ ಕೆಲಸ, ದಿನವೂ ಬಸ್ಸಿನ ಓಡಾಟ. ತಾಯಿ ಕಸ್ತೂರಿಯ ಜೊತೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಬಾಡಿಗೆ ಮನೆ. ಯುಗಾದಿಗೆ ರೇಟು ಏರುತ್ತದೆಂದು ಆ ಮಾಲೀಕರೂ ಮನೆ ಮಾರಲು ಹೊರಟಿದ್ದರು.

"ಹುಟ್ಟಿದಾಗಿಂದ ಬಾಡಿಗಿ ಮನ್ಯಾಗ ಇದ್ದೇನ್ರಿ. ಗ್ವಾಡಿಗೆ ಒಂದ ಮೊಳಿ ಬಡೀಬೇಕಂದ್ರೂ ಮಾಲೀಕರನ್ನ ಕೇಳಬೇಕು."

"ಇಲ್ಲಿಗೆ ಬಾರವ್ವ," ಎಂದಳು ಸೀತವ್ವ. "ನನಗ ಹೆಣ್ಣಮಕ್ಕಳಿಲ್ಲ. ನಮ್ಮ ಓಣ್ಯಾಗ ಬಾಜೂ ಮನಿ ಹುಡುಗಿ ಅಂದ್ರ ಮನಿ ಮಗಳು. ಇವ ನಿನಗ ಅಣ್ಣ ಇದ್ದಂಗ."

ಬಾಗಿಲಲ್ಲಿ ನಿಂತಿದ್ದ ಧರ್ಮರಾಜ ತಟ್ಟನೆ ಮಾಳಿಗೆಯ ಮೆಟ್ಟಿಲು ಹತ್ತಿ ಹೋದ.

*

ಅಂದಿನಿಂದ ಸಂಜೆ ಹೊನವಾಡದಿಂದ ಮರಳುವ ಬಸ್ಸಿನಲ್ಲಿ ಮೇಘಾ ಎಡಗಡೆಯ ಕಿಟಕಿಯನ್ನೇ ಹುಡುಕತೊಡಗಿದಳು.

ದ್ರಾಕ್ಷಿ ತೋಟಗಳು, ಟಿಕೋಟಾದ ನಿಲ್ದಾಣ, ಬಿಸಿಲಿಗೆ ಬಿಳಿಚಿದ ಬಯಲು... ಎಲ್ಲವೂ ಸುಮ್ಮನೆ ಹಾದುಹೋಗುತ್ತಿದ್ದವು. ಊರ ಅಂಚು ಬಂದಾಗ ಮಾತ್ರ ಕಿಟಕಿಗೆ ಹಣೆ ಒತ್ತುತ್ತಿದ್ದಳು. ಮೊದಲು ಬಾಬುಸಾಬರ ಮನೆ. ಅದರ ಹಿಂದೆ ಆ ಮಾಳಿಗೆ. ಮಾಳಿಗೆಯ ಮೇಲೆ ಅವನು.

'ನಾನು ನೋಡುವುದು ಮನೆಯನ್ನ,' ಎಂದುಕೊಳ್ಳುತ್ತಿದ್ದಳು. 'ಮನೆಯನ್ನಷ್ಟೇ.'

ರವಿವಾರ ಬಂದರೆ ನೆಪ ಹುಟ್ಟುತ್ತಿತ್ತು. ಒಮ್ಮೆ ಅಡುಗೆಮನೆಗೆ ಬೆಳಕು ಬರುತ್ತದೋ ನೋಡಬೇಕು, ಇನ್ನೊಮ್ಮೆ ಅವ್ವನಿಗೆ ತೋರಿಸಬೇಕು. ಪ್ರತಿ ಸಲವೂ ಬಾಜೂ ಮನೆಯ ನೀರು. ಧರ್ಮರಾಜ ಲೋಟ ಕೊಡುತ್ತಿದ್ದ, ಬೆರಳು ತಗುಲದಂತೆ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಮಾತಾಡಿದರೆ ಒಂದೇ ಪ್ರಶ್ನೆ.

"ಬ್ಯಾರೆ ಕಡೆ ಮನಿ ನೋಡಿದ್ರೇನ್ರಿ?"

ಯಾಕೆ ಇಷ್ಟು ದೂರ ತಳ್ಳುತ್ತಾನೆ? ತಳ್ಳುವವನ ಕಣ್ಣುಗಳು ಯಾಕೆ ಹೀಗಿರುತ್ತವೆ... ಬಾಡಿಗೆ ಮನೆಯಲ್ಲಿ ರೈಲು ಹೋದಾಗ ಗೋಡೆಗೂಡಿನಲ್ಲಿದ್ದ ಅವ್ವನ ಚಹಾ ಕಪ್ಪುಗಳು ನಡುಗುತ್ತಿದ್ದವು. ಅವು ಸುಮ್ಮನಾದ ಮೇಲೂ ಅವಳ ಒಳಗೆ ಏನೋ ನಡುಗುತ್ತಲೇ ಇರುತ್ತಿತ್ತು.

ಯುಗಾದಿ ಕಳೆಯಿತು. ಬಾಬುಸಾಬರು ಅವಸರಪಡಿಸಿದರು. ಬಬಲೇಶ್ವರದಲ್ಲಿ ಮಗನ ಬಟ್ಟೆ ಅಂಗಡಿಯ ಹತ್ತಿರ ಅವರಿಗೆ ಬೇರೆ ಮನೆ ನಿಕ್ಕಿಯಾಗಿತ್ತು.

"ಬರೋ ರವಿವಾರ ಸಂಚಕಾರ ಕೊಟ್ಟಬಿಡಮ್ಮ," ಎಂದರು ಫೋನಿನಲ್ಲಿ. ಸಂಚಕಾರ ಎಂದರೆ ಮುಂಗಡ. ಅದನ್ನು ಬಾಜೂ ಮನೆಯವರ ಎದುರಿಗೇ ಕೊಡುವುದು ಆ ಓಣಿಯ ರೂಢಿ. "ಮಮದಾಪುರದ ಪರಮೇಶ್ವರ ಅಂತ ಒಬ್ರು ಹೇಣ್ತಿ ಕರಕೊಂಡ ಬಂದ ಹೋಗ್ಯಾರ. ಧರ್ಮರಾಜನ ಕೇಳಿದ್ರಂತ. ನೀರ ಚಲೋ ಐತಿ, ಕಣ್ಣ ಮುಚ್ಚಿ ತಗೋರಿ ಅಂದಾನ."

"ಹಂಗ ಅಂದ್ರಾ?"

"ಯಾಕ, ನಿನಗ ಏನ್ ಅಂದಾನ?"

ಅವಳು ಹೇಳಿದಳು. ಬಾಬುಸಾಬರು ನಿಟ್ಟುಸಿರಿಟ್ಟರು. "ಹಂಗಾದ್ರ ಅವಗ ಈ ಮನಿ ಬೇಕಾಗೇತಿ. ನಡುವಿನ ಗ್ವಾಡಿ ಒಡದ ಒಂದ ಮಾಡ್ಬೇಕಂತ ಇರಬೇಕು. ನೀ ನಿಕ್ಕಿ ತಗೋತಿ ಅಂತ ಗೊತ್ತಾಗಿ ನಿನಗಷ್ಟ ಹೆದರಿಸ್ಯಾನ. ದಿನಾ ಸಂಜಿಕೆ ಮಾಳಗಿ ಮ್ಯಾಲ ನಿಂತ ನನ್ನ ಮನಿ ಕಡೇನ ನೋಡ್ತಿರ್ತಾನ, ನಾನ ನೋಡೇನಿ."

ಮನೆಯನ್ನ... ಅವನು ನೋಡುತ್ತಿದ್ದುದು ಮನೆಯನ್ನ. ಅವಳು ಇಷ್ಟು ದಿನ ಕಿಟಕಿಗೆ ಹಣೆ ಒತ್ತಿ ಕೂತದ್ದು ಇದಕ್ಕೇನು?

*

ರವಿವಾರ ಮೇಘಾ ಹೇಳಿದ ಹೊತ್ತಿಗಿಂತ ಮೊದಲೇ ಬಂದಳು. ಚೀಲದಲ್ಲಿ ಸಂಚಕಾರವಿತ್ತು. ಧರ್ಮರಾಜ ಅಂಗಳದಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದ.

"ನಾ ನಿಮಗ ಏನ್ ಮಾಡೇನ್ರಿ?" ಎಂದಳು, ನಿಂತಲ್ಲಿಂದಲೇ. "ಎಲ್ಲಾರಿಗೂ ತಗೋರಿ ಅಂತೀರಿ. ನನಗಷ್ಟ ಬ್ಯಾಡ ಅಂತೀರಿ. ಮನಿ ನಿಮಗ ಬೇಕಾಗಿದ್ರ ಬಾಯಿ ಬಿಟ್ಟ ಹೇಳಬೇಕಿಲ್ಲೋ?"

"ಮನಿ ನನಗ ಬ್ಯಾಡ್ರಿ."

"ಸುಳ್ಳ ಹೇಳಬ್ಯಾಡ್ರಿ. ದಿನಾ ಸಂಜಿಕೆ ಬಾಬುಸಾಬರ ಮನಿ ಕಡೆ ನೋಡಕೋತ ನಿಂತಿರ್ತೀರಿ. ನಾನೂ ನೋಡೇನಿ ಬಸ್ಸಿನ್ಯಾಗಿಂದ."

ಅವನು ತಲೆ ಎತ್ತಿದ. "ನೀವು ನೋಡೀರಿ?"

ಅವಳು ತುಟಿ ಕಚ್ಚಿದಳು. ಹೇಳಬಾರದಿತ್ತು.

"ಬಾಬುಸಾಬರ ಮನಿ ಆಚೀಕಡೆ ರಸ್ತಾ ಐತ್ರಿ," ಎಂದ ಅವನು ಮೆಲ್ಲಗೆ. "ಹೊನವಾಡ ಬಸ್ಸು ಆ ರಸ್ತಾದಾಗ ಬರ್ತೈತಿ."

ಮೇಘಾ ತಿರುಗಿ ರಸ್ತೆಯ ಕಡೆ ನೋಡಿದಳು.

"ಸಂಚಕಾರ ಕೊಟ್ಟ ಮ್ಯಾಲ ನೀವು ಈ ಓಣಿ ಮಗಳಾಗ್ತೀರಿ. ನನಗ ತಂಗಿ. ಅವ್ವ ಮೊದಲನೇ ದಿನಾನ ಅಂದಾಳ, ನೀವೂ ಕೇಳೀರಿ. ಆಮ್ಯಾಲ ನಾ ನಿಮ್ಮನ್ನ ಕೇಳಿದ್ರ ಓಣಿ ಮಂದಿ ಮಾರಿ ಮ್ಯಾಲ ಉಗುಳ್ತಾರ. ಅದಕ್ಕ... ಜಲನಗರದಾಗ ತಗೋರಿ, ಎಲ್ಲ್ಯಾರ ತಗೋರಿ, ನಾ ಅಲ್ಲಿಗೆ ಬಂದ ಕೇಳ್ತಿದ್ದೆ. ಇಲ್ಲಿ ಮಾತ್ರ ಬ್ಯಾಡ ಅಂತ..."

ಸಂತೋಷಕ್ಕಿಂತ ಮೊದಲು ಅವಳಿಗೆ ಸಿಟ್ಟು ಬಂತು.

"ನಿಮ್ಮ ಸಲುವಾಗಿ ನಾ ಮನಿ ಬಿಡಬೇಕೇನ್ರಿ? ಈ ಮನ್ಯಾಗ ನಮ್ಮವ್ವನ ಕಪ್ಪು ಎಲ್ಲಿಡ್ಬೇಕು ಅನ್ನೂದೂ ನಾ ವಿಚಾರ ಮಾಡೇನಿ. ನನ್ನ ಬೇಕು ಬ್ಯಾಡ ಒಮ್ಮೆನೂ ಕೇಳಲಿಲ್ಲ ನೀವು."

"ತಪ್ಪಾತ್ರಿ," ಎಂದ. ಸ್ಪ್ಯಾನರು ಕೆಳಗಿಟ್ಟ. "ತಗೋರಿ ಮನಿ. ನಾ ಇನ್ನ ಮಾಳಗಿ ಹತ್ತೂದಿಲ್ಲ."

ಮಾಳಿಗೆಯ ಮೇಲೆ ಯಾರೂ ಇಲ್ಲದ ಸಂಜೆಗಳು ಅವಳ ಕಣ್ಣಮುಂದೆ ಬಂದವು. ಕಿಟಕಿ ಇದ್ದೂ ನೋಡಲು ಏನೂ ಇಲ್ಲದ ಬಸ್ಸು. ಬಾಜೂ ಮನೆಯಲ್ಲೇ ಇದ್ದು ಅಣ್ಣ ಎಂದು ಕರೆಯುವುದು... ಅವಳ ಕೈ ಚೀಲವನ್ನು ಎದೆಗೆ ಒತ್ತಿಕೊಂಡಿತು. ಆಗ ಹೊಳೆಯಿತು.

"ಸಂಚಕಾರ ಇನ್ನೂ ನನ್ನ ಕಡೇನ ಐತ್ರಿ."

ಅವನು ಅರ್ಥವಾಗದೆ ನೋಡಿದ.

"ಇನ್ನೂ ಕೊಟ್ಟಿಲ್ಲ. ಅಂದ್ರ ನಾ ಇನ್ನೂ ಈ ಓಣಿ ಮಗಳಲ್ಲ. ಕೇಳೂದಿದ್ರ ಈಗ ಕೇಳ್ರಿ."

ಅಷ್ಟರಲ್ಲಿ ಗೇಟು ಸದ್ದಾಯಿತು. ಬಾಬುಸಾಬರು ಹೊಸ ಟೋಪಿ ಹಾಕಿಕೊಂಡು ಬಂದರು. ಒಳಗಿನಿಂದ ಸೀತವ್ವ ಸಕ್ಕರೆಯ ತಟ್ಟೆ ಹಿಡಿದು ಬಂದಳು. "ಕುಂಡರ್ರಿ ಎಲ್ಲಾರೂ. ಕೊಡವ್ವ ಮಗಳ."

"ಅವ್ವಾ, ಸಂಚಕಾರ ಇವತ್ತ ಬ್ಯಾಡ," ಎಂದ ಧರ್ಮರಾಜ. "ನಾಳೆ ನಾವು ಇಬ್ರಾಹಿಂಪುರಕ್ಕ ಹೋಗೂಣು."

"ಅಲ್ಲೇನೈತಿ?"

"ಇವರ ಮನಿ ಐತಿ. ಹೆಣ್ಣ ಕೇಳಾಕ."

ಸೀತವ್ವ ಮಗನನ್ನು ನೋಡಿದಳು, ಮೇಘಾಳನ್ನು ನೋಡಿದಳು. ತಟ್ಟೆ ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಎಲಾ ಭಾಡ್ಯಾ, ಮೊದಲ ಹೇಳಾಕ ಏನ್ ಧಾಡಿ ಆಗಿತ್ತು? ನಾನರ ಬಾಯಿ ಬಿಟ್ಟ ತಂಗಿ ಮಾಡಾಕ ಹೊಂಟಿದ್ದೆ."

"ಅಲ್ರೀ, ನನ್ನ ಮನಿ ಗತಿ ಏನು?" ಎಂದರು ಬಾಬುಸಾಬರು.

"ಮನಿ ನನಗ ಬೇಕು ಚಾಚಾ," ಎಂದಳು ಮೇಘಾ. "ನಾಡಿದ್ದ ಸಂಚಕಾರ ಕೊಡ್ತೇನಿ. ನನ್ನ ಹೆಸರಿಗೆ. ಅಲ್ಲಿ ನಮ್ಮವ್ವ ಇರ್ತಾಳ."

"ಅಂದ್ರ ನಡುವಿನ ಗ್ವಾಡಿ ಒಡಿಯೂದ ಖರೇನ ಆತಲ್ಲ."

"ಒಡಿಯೂದ ಬ್ಯಾಡ್ರಿ. ಒಂದ ಬಾಗಲಾ ಇಡಸ್ತೀವಿ."

ಬಾಬುಸಾಬರು ನಕ್ಕು ಸೀತವ್ವನ ಜೊತೆ ಒಳಗೆ ಹೋದರು. ಅಂಗಳದಲ್ಲಿ ಬಿಸಿಲು ಉಳಿಯಿತು, ಬಿಚ್ಚಿಟ್ಟ ಮೋಟಾರು, ಇವರಿಬ್ಬರು.

"ಒಂದ ಲೋಟ ನೀರ ಕೊಡ್ರಿ," ಎಂದಳು ಮೇಘಾ.

ಅವನು ತಂದುಕೊಟ್ಟ. ಈ ಸಲ ಬೆರಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಈಗ ಹೇಳ್ರಿ, ಮನಿ ತಗೋಲ್ಯಾ?"

"ನಾಳೆ ಒಂದಿನ ತಡೀರಿ," ಎಂದ ಅವನು. "ನಾ ನಿಮ್ಮ ಮನಿಗೆ ಬಂದ ಹೋಗ್ತೇನಿ. ಆಮ್ಯಾಲ ತಗೋರಿ."